ಕಾಟಾ ಚೀಟಿ ಜೋಪಾನ, ಜಾಬ್ ಕಾರ್ಡ್ ಎಲ್ಲಿ? ಟ್ರ್ಯಾಕ್ಟರ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಅನಂತಪುರ ಹೋಬಳಿಯ ಟ್ರ್ಯಾಕ್ಟರ್ ಮಾಲೀಕ ಬಾಂಧವರಿಗೆ, ಅದರಲ್ಲೂ ಕಬ್ಬಿನ ಹಂಗಾಮಿನಲ್ಲಿ ಡಬ್ಬಲ್ ಟ್ರೇಲರ್ ಹೊಡೆಯುವವರಿಗೆ,

2025ರ ಸೆಪ್ಟೆಂಬರ್‌ನಲ್ಲಿ ಕೆಟ್ಟ ನನ್ನ ಟ್ರ್ಯಾಕ್ಟರ್ 37 ದಿನ ನಿಂತಿತ್ತು. ಮೊದಲ ನಾಲ್ಕು ದಿನ ಹೊಲದಲ್ಲೇ, ಎಡಗಾಲಿ ಓರೆಯಾಗಿ, ನೇಗಿಲು ಮಣ್ಣಲ್ಲಿ ಹುಗಿದುಕೊಂಡು ನಿಂತಿದ್ದನ್ನು ದಾರಿಯಲ್ಲಿ ಹೋಗುವಾಗ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ‘ಏನಾತ್ರಿ ಕಾಕಾ?’ ಎಂದು ಕೇಳಿದವರಿಗೆಲ್ಲ ‘ಆಕ್ಸಲ್ ಹೋತು’ ಎಂದಷ್ಟೇ ಹೇಳಿ ಮುಂದೆ ಕಳಿಸಿದ್ದೆ. ಆಗ ಸಿಟ್ಟು ಬಹಳವಿತ್ತು, ಮಾತು ಬೇಡವಾಗಿತ್ತು. ಅಂದು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಶೋರೂಮಿನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಹೆಸರು ಬರೆದರೆ ನೀವು ‘ಆ ಕಂಪನಿ ಸರಿ ಇಲ್ಲ, ನಮ್ಮದು ಛಲೋ’ ಎಂದು ಪತ್ರವನ್ನು ಮಡಚಿ ಇಟ್ಟುಬಿಡುತ್ತೀರಿ. ನನ್ನ ತಕರಾರು ಬಣ್ಣದ ಬಗ್ಗೆ ಅಲ್ಲ.

ಗಾಡಿ ಫೋರ್ ವ್ಹೀಲ್ ಡ್ರೈವ್. ಮೀಟರಿನಲ್ಲಿ 640 ಗಂಟೆ. ನನ್ನ ವಾರಂಟಿ ಪುಸ್ತಕದಲ್ಲಿ ಬರೆದಿರುವುದು ಎರಡು ವರ್ಷ ಅಥವಾ 2,000 ಗಂಟೆ, ಯಾವುದು ಮೊದಲೋ ಅದು. ಅಂದರೆ ಗಂಟೆಯೂ ಉಳಿದಿತ್ತು, ತಿಂಗಳೂ ಉಳಿದಿತ್ತು. ಕೂಳೆ ಕಿತ್ತ ಹೊಲಕ್ಕೆ ಪಲ್ಟಿ ನೇಗಿಲು ಹಾಕಿದ್ದೆ. ಮುಂದಿನ ಎಡಗಾಲಿಯ ಕಡೆಯಿಂದ ಕಟಕಟ ಸದ್ದು ಬಂತು. ಎರಡು ಸಾಲು ಮುಗಿಯುವಷ್ಟರಲ್ಲಿ ಒಂದು ಪೆಟ್ಟು, ಆಮೇಲೆ ಏನೂ ಇಲ್ಲ. ಗಾಲಿಯ ಹತ್ತಿರದ ಹೌಸಿಂಗ್‌ನೊಳಗೆ ಬೆವೆಲ್ ಪಿನಿಯನ್ನಿನ ಎರಡು ಹಲ್ಲು ಮುರಿದಿದ್ದವು ಎಂಬುದು ಆಮೇಲೆ ಬಿಚ್ಚಿದಾಗ ಗೊತ್ತಾಯಿತು.

ಇದಕ್ಕೆ ಒಂದು ಮುನ್ಸೂಚನೆ ಇತ್ತು. 400 ಗಂಟೆಯ ಸುಮಾರಿಗೆ ಅದೇ ಎಡಗಡೆಯ ಆಯಿಲ್ ಸೀಲಿನಿಂದ ಎಣ್ಣೆ ಜಿನುಗುತ್ತಿತ್ತು. ಫ್ರೀ ಸರ್ವಿಸಿಗೆ ಬಂದ ಹುಡುಗನಿಗೆ ತೋರಿಸಿದೆ. ಅವನು ಬನಿಯನ್ ಬಟ್ಟೆಯಿಂದ ಒರೆಸಿ, ‘ಹೊಸಾ ಗಾಡಿ ಬೆವರತೈತ್ರಿ ಕಾಕಾ’ ಎಂದು ನಕ್ಕ. ನಾನೂ ನಕ್ಕೆ, ಚಹಾ ಕುಡಿಸಿ ಕಳಿಸಿದೆ. ಜಾಬ್ ಕಾರ್ಡಿನಲ್ಲಿ ಅವನು ಬರೆದದ್ದು ‘ಜನರಲ್ ಚೆಕ್‌ಅಪ್, ಓಕೆ’. ನಾನು ಓದದೆ ಸಹಿ ಮಾಡಿದ್ದೆ. ಮುಂದೆ ನನಗೆ ಹೆಚ್ಚು ಹೊಡೆತ ಕೊಟ್ಟದ್ದು ಆ ಮುರಿದ ಹಲ್ಲಲ್ಲ, ಈ ಸಹಿ: ಎಣ್ಣೆ ಜಿನುಗಿದ್ದಕ್ಕೆ ಕಾಗದದಲ್ಲಿ ಸಾಕ್ಷಿಯೇ ಉಳಿಯಲಿಲ್ಲ.

ಹೊಲಕ್ಕೆ ಬಂದ ಶೋರೂಮಿನ ಸೂಪರ್‌ವೈಸರ್ ಹೌಸಿಂಗ್ ಬಿಚ್ಚುವ ಮೊದಲೇ ತೀರ್ಪು ಕೊಟ್ಟರು.

‘ಕಾಕಾ, ಇದು ವಾರಂಟಿಯೊಳಗ ಬರೂದಿಲ್ರಿ.’

‘ಯಾಕ್ರೀ ಸಾಹೇಬ್ರ?’

‘ಓವರ್‌ಲೋಡ್ ಐತ್ರಿ. ಹಂಗಾಮಿನಾಗ ಡಬ್ಬಲ್ ಟ್ರೇಲರ್ ಹೊಡದೀರಿ ನೀವು.’

ನಾನು ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಮೊಬೈಲ್ ತೆಗೆದು ತೋರಿಸಿದರು. ಜನವರಿಯಲ್ಲಿ ನನ್ನ ಮಗ ಇಟ್ಟಿದ್ದ ಸ್ಟೇಟಸ್: ನಮ್ಮ ಗಾಡಿ, ಹಿಂದೆ ಕಬ್ಬಿನ ಎರಡು ಗುಡ್ಡ, ಮೇಲೆ ಹಾಡು, ಕೆಳಗೆ ಕಾಟಾ ಚೀಟಿಯ ಫೋಟೊ, ‘24 ಟನ್’ ಎಂದು ದೊಡ್ಡ ಅಕ್ಷರ. ಗಾಡಿ ಮಾರಿದ ಸೇಲ್ಸ್‌ನ ಹುಡುಗನೇ ಅದಕ್ಕೆ ಬೆಂಕಿಯ ಚಿತ್ರ ಹಾಕಿ ಹೊಗಳಿದ್ದ. ಅದೇ ಫೋಟೊ ಈಗ ಶೋರೂಮಿನ ಸಾಕ್ಷಿ.

ಈ ಜಾಗದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾರ್ಖಾನೆಯ ಗೇಟಿನಲ್ಲಿ ಕಾಟಾ ಚೀಟಿಗಾಗಿ ನಾವು ಎಷ್ಟು ಜಗಳವಾಡುತ್ತೇವೆ ನೋಡಿ. ಒಂದು ಕ್ವಿಂಟಲ್ ಕಡಿಮೆ ಬಿದ್ದರೆ ‘ಕಾಟಾ ಸುಳ್ಳು’ ಎನ್ನುತ್ತೇವೆ, ಚೀಟಿಯನ್ನು ಅಂಗಿಯ ಒಳಕಿಸೆಯಲ್ಲಿಟ್ಟು ತರುತ್ತೇವೆ. ಆ ಕಾಗದ ಎಷ್ಟು ಟನ್ ಹೇಳುತ್ತದೆಯೋ ಅಷ್ಟು ನಮ್ಮ ದುಡ್ಡು. ಅದೇ ಕಾಗದವನ್ನು ಟ್ರ್ಯಾಕ್ಟರ್ ಕಂಪನಿಯ ಎದುರಿಗೆ ಹಿಡಿದರೆ, ಎಷ್ಟು ಟನ್ ಹೇಳುತ್ತದೆಯೋ ಅಷ್ಟು ನಮ್ಮ ಮೇಲಿನ ಆರೋಪ. ಇದು ನನಗೆ ಹೊಳೆದಿರಲಿಲ್ಲ. ನಿಮಗೆ ಹೊಳೆದಿತ್ತೇ?

ಆದರೆ ಸೂಪರ್‌ವೈಸರ್ ಮಾತಿನಲ್ಲಿ ಒಂದು ತೂತು ಇತ್ತು. ಅದನ್ನು ತೋರಿಸಿಕೊಟ್ಟವರು ನಮ್ಮ ಊರಿನ ಮಿಸ್ತ್ರಿ, ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವರು. ‘ಡಬ್ಬಲ್ ಟ್ರೇಲರ್ ಎಳೀವಾಗ ಮುಂದಿನ ಗಾಲಿ ಏನ ಮಾಡತಾವ?’ ಎಂದು ಕೇಳಿದರು. ಎದ್ದು ನಿಲ್ಲುತ್ತವೆ! ನಮ್ಮ ಮಕ್ಕಳು ಅದರದೇ ವಿಡಿಯೊ ಮಾಡಿ ಕುಣಿಯುವುದು. ಹಿಂದಿನಿಂದ ಎಳೆತ ಬಿದ್ದಷ್ಟೂ ಭಾರ ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ, ಮುಂದಿನದು ಹಗುರಾಗುತ್ತದೆ. ಫೋರ್ ವ್ಹೀಲ್ ಲಿವರ್ ಬಿಡಿಸಿದ್ದರೆ ರಸ್ತೆಯ ಮೇಲೆ ಮುಂದಿನ ಗಾಲಿಗೆ ಇಂಜಿನ್ನಿನ ಶಕ್ತಿಯೇ ಹೋಗುವುದಿಲ್ಲ, ಸುಮ್ಮನೆ ಉರುಳುತ್ತದೆ. ಕಬ್ಬಿನ ಭಾರಕ್ಕೆ ಹಿಂದಿನ ಬುಲ್ ಗೇರ್ ಹೋದರೆ, ಹಿಂದಿನ ಹೌಸಿಂಗ್ ಸೀಳಿದರೆ ಒಪ್ಪಬಹುದು. ಮುಂದಿನ ಪಿನಿಯನ್ ಹಲ್ಲು ಹೇಗೆ ಮುರಿಯಿತು?

ಸೂಪರ್‌ವೈಸರ್ ದಡ್ಡರಲ್ಲ. ಅವರ ಮರುಪ್ರಶ್ನೆ: ‘ಡಾಂಬರ್ ರೋಡಿನಾಗ ಫೋರ್ ವ್ಹೀಲ್ ಹಾಕೇ ಹೊಡದೀರೇನ್ರಿ?’

ಇದು ಸರಿಯಾದ ಪ್ರಶ್ನೆ. ಫೋರ್ ವ್ಹೀಲ್ ಗಾಡಿಯಲ್ಲಿ ಮುಂದಿನ ಗಾಲಿ ಸಣ್ಣದು, ಹಿಂದಿನದು ದೊಡ್ಡದು. ಮುಂದಿನ ಗಾಲಿ ಹಿಂದಿನದಕ್ಕಿಂತ ಚೂರು ಹೆಚ್ಚು ನೆಲ ಹಿಡಿದು ಓಡುವಂತೆ ಗೇರ್ ಲೆಕ್ಕ ಹಾಕಿರುತ್ತಾರೆ. ಎಳೆತ ಸಿಗುವುದೇ ಹಾಗೆ. ಹೊಲದ ಮೆತ್ತಗಿನ ಮಣ್ಣಿನಲ್ಲಿ ಗಾಲಿ ಚೂರು ಜಾರಿ ಆ ವ್ಯತ್ಯಾಸ ಮಣ್ಣಿಗೇ ಹೋಗುತ್ತದೆ. ಡಾಂಬರಿನ ಮೇಲೆ ಗಾಲಿ ಜಾರುವುದಿಲ್ಲ. ಆಗ ತಿರುಚುವ ಒತ್ತಡವೆಲ್ಲ ಶಾಫ್ಟಿಗೆ, ಗೇರಿನ ಹಲ್ಲಿಗೆ ಬೀಳುತ್ತದೆ. ಮುಂದಿನ ಟೈರು ಸವೆದಿದ್ದಾಗ ಹಿಂದೆ ಮಾತ್ರ ಹೊಸದು ಹಾಕಿಸಿದರೆ, ಇಲ್ಲವೆ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಸೈಜಿನದು ಹಾಕಿಸಿದರೆ ಈ ಲೆಕ್ಕ ಇನ್ನಷ್ಟು ಕೆಡುತ್ತದೆ. ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ನಾನು ಓದಿರಲಿಲ್ಲ. ಕೆಸರಿನ ಹೊಲದಿಂದ ಎದ್ದು ಬಂದು ಲಿವರ್ ಬಿಡಿಸಲು ಮರೆತು ನಮ್ಮ ಡ್ರೈವರ್ ಎಷ್ಟೋ ಸಲ ಮುಖ್ಯ ರಸ್ತೆಯವರೆಗೆ ಹೊಡೆದಿದ್ದಾನೆ. ನಾನೂ ಹೊಡೆದಿದ್ದೇನೆ. ಹಾಗಾಗಿ ಸೂಪರ್‌ವೈಸರ್‌ಗೆ ನಾನು ಖಡಕ್ಕಾಗಿ ‘ಇಲ್ಲ’ ಎನ್ನಲಿಲ್ಲ. ‘ಆಗೊಮ್ಮೆ ಈಗೊಮ್ಮೆ’ ಎಂದೆ. ಸುಳ್ಳು ಹೇಳಬಹುದಿತ್ತು ಎಂದು ಮಗ ಇಂದಿಗೂ ಬೈಯುತ್ತಾನೆ.

ಆದರೂ ಒಂದು ಕೆಲಸ ಸರಿಯಾಗಿ ಮಾಡಿದೆ. ‘ಆತು, ವಾರಂಟಿಯೊಳಗ ಬರೂದಿಲ್ಲಂತ ಬರದ ಕೊಡ್ರಿ’ ಎಂದೆ. ಅವರು ಒಮ್ಮೆಲೇ ಮೆತ್ತಗಾದರು. ‘ಬರಿಯೂದೆಲ್ಲಾ ಯಾಕ್ರಿ, ನೋಡೂಣು’ ಎಂದರು. ಬಾಯಿಯಲ್ಲಿ ಅಷ್ಟು ಸಲೀಸಾಗಿ ಬಂದ ‘ಓವರ್‌ಲೋಡ್’ ಕಾಗದಕ್ಕೆ ಇಳಿಯಲು ಒಲ್ಲೆ ಎಂದಿತು. ಬರೆದರೆ ಅದಕ್ಕೆ ಕಾರಣ ಬರೆಯಬೇಕು, ಯಾವ ಭಾಗ ಹೇಗೆ ಮುರಿಯಿತೆಂದು ಬರೆಯಬೇಕು, ಸಹಿ ಹಾಕಬೇಕು.

ಗಾಡಿಯನ್ನು ಶೋರೂಮಿಗೆ ಎಳೆಸಿಕೊಂಡು ಹೋದೆ. ಅಲ್ಲಿ ನನ್ನ ಮಾತು ಕೇಳುವವರು ಯಾರು? ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು, ಅದರ ಬೆನ್ನಿಗೇ ದಸರಾ. ಮುಂದಿನ ಅಂಗಳದಲ್ಲಿ ಹೊಸ ಗಾಡಿಗಳಿಗೆ ಹೂವಿನ ಹಾರ, ತೆಂಗಿನಕಾಯಿ, ಪೇಢೆ. ಹಿಂದಿನ ಶೆಡ್ಡಿನಲ್ಲಿ ಒಂದು ಗಾಲಿ ಕಳಚಿ ಕಲ್ಲಿನ ಮೇಲೆ ನಿಂತ ನನ್ನ ಗಾಡಿ. ಎರಡು ಸಲ ನನಗೂ ಪೇಢೆ ಕೊಟ್ಟರು. ತಿಂದೆ, ಏನು ಮಾಡುವುದು.

ಬಿಚ್ಚುವಾಗ ಎದುರಿಗೇ ಕೂತಿದ್ದೆ. ಇದು ನಿಮಗೂ ಹೇಳುವ ಮಾತು: ಹೌಸಿಂಗ್ ಬಿಚ್ಚುವಾಗ ನೀವಿಲ್ಲದೆ ಬಿಚ್ಚಗೊಡಬೇಡಿ. ಮೊದಲು ಎಣ್ಣೆ ಇಳಿಸುತ್ತಾರೆ. ಎಣ್ಣೆ ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆ ಎಂದರ್ಥ. ನನ್ನದು ಕಪ್ಪಗಿತ್ತು, ಪ್ರಮಾಣ ಕಡಿಮೆ ಇತ್ತು. ಸೋರಿದ ಸೀಲಿನ ಸಾಕ್ಷಿ ಅದು. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಉಕ್ಕಿನ ಚೂರು, ಪುಡಿ ಅಂಟಿತ್ತು. ಅದರ ಫೋಟೊ ತೆಗೆದೆ. ಆಮೇಲೆ ಮುರಿದ ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿದೆ. ಕೆರೆ ಬತ್ತುತ್ತ ಹೋಗುವಾಗ ದಂಡೆಯಲ್ಲಿ ನೀರಿನ ಗೆರೆ ಒಂದರ ಕೆಳಗೊಂದು ಉಳಿಯುತ್ತದಲ್ಲ, ಅಂಥ ಗೆರೆಗಳು ಮುರಿದ ಮುಖದ ಮುಕ್ಕಾಲು ಭಾಗದಲ್ಲಿದ್ದವು. ಉಳಿದ ಕಾಲು ಭಾಗ ಬೆಲ್ಲದ ಹೆಂಟೆ ಒಡೆದಂತೆ ಒರಟು. ಲೋಹದ ಕೆಲಸ ಬಲ್ಲವರಿಗೆ ಇದರ ಅರ್ಥ ಗೊತ್ತು: ಬಿರುಕು ಅಂದು ಹುಟ್ಟಿದ್ದಲ್ಲ. ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು ಮುಂದೆ ಸರಿಯುತ್ತ ಬಹಳ ಕಾಲ ಬೆಳೆದಿದೆ, ಕೊನೆಗೆ ಉಳಿದ ತುಂಡು ತಡೆಯದೆ ಒಮ್ಮೆಲೇ ಮುರಿದಿದೆ. ಒಂದೇ ದಿನದ ಒಂದೇ ಭಾರಕ್ಕೆ ಮುರಿದಿದ್ದರೆ ಇಡೀ ಮುಖ ಬೆಲ್ಲದ ಹಾಗೆಯೇ ಇರುತ್ತಿತ್ತು. ಹಾಗೆಂದ ಮಾತ್ರಕ್ಕೆ ಕಂಪನಿಯದೇ ತಪ್ಪು ಎಂದು ಸಿದ್ಧವಾಗುವುದಿಲ್ಲ; ದಿನಾ ತಪ್ಪಾಗಿ ಓಡಿಸಿದರೂ ಬಿರುಕು ಬೆಳೆಯುತ್ತದೆ. ಬಿರುಕು ಎಲ್ಲಿಂದ ಸುರುವಾಯಿತು ಎಂಬುದು ಮುಖ್ಯ.

ಕಾಯುವ ದಿನಗಳಲ್ಲಿ ಮಗ ಟ್ರ್ಯಾಕ್ಟರ್ ಪರೀಕ್ಷೆ ಮಾಡುವವರು ಯಾರೆಂದು ಮೊಬೈಲಿನಲ್ಲಿ ಹುಡುಕಿದ. ‘ಅಪ್ಪಾ, ಅನಂತಪುರದಾಗ ಐತಂತ!’ ಎಂದು ಕೂಗಿದ. ನೋಡಿದರೆ ಆಂಧ್ರದ ಅನಂತಪುರ. ಅಲ್ಲಿಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಇಂಥದೇ ಇನ್ನೊಂದು ಮಧ್ಯಪ್ರದೇಶದ ಬುದನಿಯಲ್ಲಿ. ಆ ಅನಂತಪುರದಲ್ಲಿ ಪರೀಕ್ಷೆ, ಈ ಅನಂತಪುರದಲ್ಲಿ ಮುರಿತ! ಆ ದಿನಗಳಲ್ಲಿ ನಾವು ಮನೆಯವರೆಲ್ಲ ಕೂಡಿ ನಕ್ಕಿದ್ದು ಅದೊಂದು ಸಲ.

ಇನ್ನು ಕಾಯ್ದೆಯ ಮಾತು. ನಾನು ವಕೀಲನಲ್ಲ. ಅಥಣಿಯ ಒಬ್ಬ ವಕೀಲರ ಎದುರಿಗೆ ಎರಡು ಮಧ್ಯಾಹ್ನ ಕೂತು ಕೇಳಿ ಬರೆದುಕೊಂಡದ್ದನ್ನು ಹೇಳುತ್ತೇನೆ.

ಈಗಿನ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದು, ಜಾರಿಗೆ ಬಂದದ್ದು 2020ರ ಜುಲೈ 20ಕ್ಕೆ. ನಮ್ಮಂಥ ಗಡಿಯವರಿಗೆ ಅದರಲ್ಲಿ ಒಂದು ದೊಡ್ಡ ಅನುಕೂಲವಿದೆ. ನಮಗೆ ಬೆಳಗಾವಿ ದೂರ, ಮಿರಜ–ಸಾಂಗ್ಲಿ ಹತ್ತಿರ. ಬೀಗರು ಅಲ್ಲಿ, ಬಜಾರ ಅಲ್ಲಿ, ಎಷ್ಟೋ ಜನರ ಟ್ರ್ಯಾಕ್ಟರ್ ಖರೀದಿಯೂ ಅಲ್ಲಿ. 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಾರ್ಟಿ ಇರುವ ಕಡೆ, ಇಲ್ಲವೆ ವ್ಯವಹಾರದ ಕಾರಣ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಮಹಾರಾಷ್ಟ್ರದಲ್ಲಿ ಕೊಂಡ ಗಾಡಿಯ ಬಗ್ಗೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕನ್ನಡದಲ್ಲಿ ಕೇಳಬಹುದು. ಕೊಟ್ಟ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. 10ರಿಂದ 20 ಲಕ್ಷದೊಳಗಿದ್ದರೆ 400. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಕಾಯ್ದೆಯ ಪ್ರಕಾರ ಎದುರಿನವರಿಗೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ, ವಸ್ತುವನ್ನು ಲ್ಯಾಬಿಗೆ ಕಳಿಸಬೇಕಾದರೆ ಐದು ತಿಂಗಳಲ್ಲಿ ತೀರ್ಪು ಬರಬೇಕು. ‘ಬರಬೇಕು’ ಎಂಬ ಶಬ್ದವನ್ನು ವಕೀಲರು ಹೇಗೆ ನಗುತ್ತ ಹೇಳಿದರೆಂದು ಬರೆಯಲಾರೆ.

ಆದರೆ ಕಬ್ಬು ಹೊಡೆಯುವವರಿಗೆ ಅಲ್ಲೊಂದು ಮುಳ್ಳಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಾದರೆ ಕೊಂಡವನು ‘ಗ್ರಾಹಕ’ನೇ ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ ಗ್ರಾಹಕ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ತಾನೇ ಓಡಿಸಿ, ಬೇಕಾದರೆ ಒಬ್ಬಿಬ್ಬರ ಸಹಾಯ ಪಡೆದು ದುಡಿಯುವವನು ಗ್ರಾಹಕನೇ, ಪೂರ್ತಿ ಬೇರೆಯವರ ಕೈಗೆ ಕೊಟ್ಟು ಓಡಿಸುವವನ ಕಥೆ ಬೇರೆ. ಬೀಜದ ವಿಷಯದಲ್ಲಿ ರೈತ ಗ್ರಾಹಕ ಹೌದೆಂದು ಅದೇ ಕೋರ್ಟು 2012ರಲ್ಲಿ ಆಂಧ್ರದ ರೈತರ ಪ್ರಕರಣದಲ್ಲಿ ಒಪ್ಪಿದೆ. ಒಂದು ಗಾಡಿ ಇಟ್ಟುಕೊಂಡು ನಮ್ಮ ಹೊಲ ಉತ್ತು ಹಂಗಾಮಿನಲ್ಲಿ ನಾಲ್ಕು ತಿಂಗಳು ಬಾಡಿಗೆ ಹೊಡೆಯುವ ನಾನು ಒಂದು ಕಡೆ. ನಾಲ್ಕು ಗಾಡಿ, ನಾಲ್ಕು ಡ್ರೈವರ್ ಇಟ್ಟು ಕಾರ್ಖಾನೆಯ ಜೊತೆ ಸಾಗಣೆ ಕರಾರು ಮಾಡಿಕೊಂಡವರು ಇನ್ನೊಂದು ಕಡೆ. ನಿಮ್ಮಲ್ಲಿ ಆ ಕಡೆಯವರೂ ಇದ್ದೀರಿ. ನೀವು ಆಯೋಗಕ್ಕೆ ಹೋಗುವ ಮೊದಲು ವಕೀಲರನ್ನು ಗಟ್ಟಿಯಾಗಿ ಕೇಳಿ.

ಇನ್ನೊಂದು ಭ್ರಮೆ ಬಿಡಿಸುತ್ತೇನೆ. ನಮ್ಮವರು ಏನು ಮುರಿದರೂ ‘ಹೊಸಾ ಗಾಡಿ ಕೊಡ್ರಿ’ ಎಂದೇ ಸುರು ಮಾಡುತ್ತಾರೆ. 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಕೆಟ್ಟ ಭಾಗವನ್ನು ಸರಿಮಾಡುವ ಅಥವಾ ಬದಲಿಸುವ ಮಾತಿದ್ದರೆ ಅಷ್ಟೇ ಸಲ್ಲುತ್ತದೆ, ಇಡೀ ವಾಹನ ಬದಲಿಸಲು ಹೇಳಲಾಗದು ಎಂದಿತು. ಕೇಳುವುದನ್ನು ಸರಿಯಾಗಿ ಕೇಳಬೇಕು: ಪಿನಿಯನ್, ಅದರ ಜೋಡಿ ಗೇರ್, ಬೇರಿಂಗ್, ಸೀಲ್, ಕೂಲಿ, ನಿಂತ ದಿನಗಳ ನಷ್ಟ. ಕೇಳುವಾಗ ಡೀಲರ್‌ನನ್ನೂ ಕಂಪನಿಯನ್ನೂ ಇಬ್ಬರನ್ನೂ ಸೇರಿಸಬೇಕು. ಒಬ್ಬರನ್ನೇ ಹಿಡಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಮಾರುವಾಗ ಹೇಳಿದ ಮಾತೂ ಲೆಕ್ಕಕ್ಕೆ ಬರುತ್ತದೆ. ಕೊಟ್ಟ ವಾರಂಟಿಯ ಮಾತಿಗೆ ವಸ್ತು ತಕ್ಕಂತೆ ಇಲ್ಲದೆ ಹಾನಿಯಾದರೆ ತಯಾರಕ ಹೊಣೆ ಎಂದು ಹೊಸ ಕಾಯ್ದೆಯಲ್ಲಿ ಬೇರೆಯದೇ ಅಧ್ಯಾಯವಿದೆ. ‘ಡಬ್ಬಲ್ ಟ್ರೇಲರ್ ಹೂವಿನಂಗ ಎಳೀತೈತ್ರಿ’ ಎಂದು ಮಾರಿದವರು ಮುರಿದ ಮೇಲೆ ‘ಡಬ್ಬಲ್ ಟ್ರೇಲರ್ ಯಾಕ ಹೊಡದ್ರಿ’ ಎನ್ನುತ್ತಾರೆ. ಗಾಡಿಯ ಹಿಂದೆ ಕಬ್ಬಿನ ಗುಡ್ಡದ ಚಿತ್ರವಿದ್ದ ಪಾಂಪ್ಲೆಟ್ಟು ನನ್ನ ಮನೆಯ ಟ್ರಂಕಿನಲ್ಲಿತ್ತು. ಆಮೇಲೆ ಕಂಪನಿಗೆ ಬರೆದ ಪತ್ರದ ಜೊತೆ ಅದರ ನಕಲನ್ನೂ ಲಗತ್ತಿಸಿದೆ.

ಮೂರು ಪತ್ರ ಬರೆದೆ. ಮೊದಲನೆಯದು ಡೀಲರ್‌ಗೆ, ಎರಡನೆಯದು ಕಂಪನಿಗೆ, ಅಂಚೆಯಲ್ಲಿ. ಎಂಟು ದಿನ ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಿ ನಂಬರ್ ಪಡೆದೆ. ಆ ನಂಬರನ್ನು ಹಾಕಿ ಮೂರನೆಯ ಪತ್ರ: ಇಂಥ ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಬೆಳಗಾವಿಯ ಆಯೋಗಕ್ಕೆ ಹೋಗುತ್ತೇನೆ, ಮುರಿದ ಭಾಗವನ್ನು ಸರ್ಕಾರ ಮಾನ್ಯ ಮಾಡಿದ ಲ್ಯಾಬಿಗೆ ಕಳಿಸಲು ಕೇಳುತ್ತೇನೆ. ಮುಂದಿನ ವಾರ ಕಂಪನಿಯ ಎಂಜಿನಿಯರ್ ಬಂದರು. ಚಿಕ್ಕ ವಯಸ್ಸಿನ ಹುಡುಗ, ಹೆಚ್ಚು ಮಾತಿಲ್ಲ. ಓವರ್‌ಲೋಡ್ ಬಗ್ಗೆ ಕೇಳಲೇ ಇಲ್ಲ. ಮುರಿಯದೆ ಉಳಿದ ಹಲ್ಲುಗಳನ್ನು ಒರೆಸಿ, ಟಾರ್ಚ್ ಬಿಟ್ಟು ಒಂದೊಂದಾಗಿ ನೋಡಿದ. ಎಲ್ಲ ಹಲ್ಲುಗಳೂ ಒಂದೇ ತುದಿಯಲ್ಲಿ ಮಾತ್ರ ತೇಯ್ದು ಹೊಳೆಯುತ್ತಿದ್ದವು, ಉಳಿದ ಭಾಗ ಹೊಸದರಂತೆ ಮಂಕಾಗಿತ್ತು. ಗೇರು ಗೇರಿಗೆ ಪೂರ್ತಿ ಕಚ್ಚಿ ಕೂತಿಲ್ಲ; ಜೋಡಿಸುವಾಗ ಹಾಕುವ ಶಿಮ್‌ನ ಅಳತೆ ತಪ್ಪಿದೆ. ಪೂರ್ತಿ ಹಲ್ಲು ಹೊರಬೇಕಾದ ಭಾರವನ್ನು ಒಂದು ಮೂಲೆ ಹೊತ್ತಿತ್ತು. ಆ ಹುಡುಗ ಇದನ್ನು ನನಗೆ ಹೇಳಲಿಲ್ಲ, ಫೋನಿನಲ್ಲಿ ಯಾರಿಗೋ ಹೇಳಿದ. ನಾನು ಪಕ್ಕದಲ್ಲೇ ಕೂತಿದ್ದೆ.

ಕೊನೆಗೆ ಬಿಡಿಭಾಗಗಳೆಲ್ಲ ಬಿಟ್ಟಿ ಸಿಕ್ಕವು. ಎಣ್ಣೆಯ ದುಡ್ಡು, ಎಳೆಸಿಕೊಂಡು ಹೋದ ಬಾಡಿಗೆ, ಅರ್ಧ ಕೂಲಿ ನನ್ನದು. ಅರ್ಧ ಯಾಕೆಂದರೆ ಒಂದು ಸರ್ವಿಸನ್ನು ನಾನು ಶೋರೂಮಿಗೆ ಹೋಗದೆ ನಮ್ಮ ಮಿಸ್ತ್ರಿಯ ಕೈಯಲ್ಲೇ ಮಾಡಿಸಿದ್ದೆ. ಅವರು ಅದನ್ನು ಹಿಡಿದರು, ನಾನು ಒಪ್ಪಿದೆ. ನಿಂತ 37 ದಿನಕ್ಕೆ ಒಂದು ಪೈಸೆಯೂ ಇಲ್ಲ. ಜೋಳದ ಬಿತ್ತಿಗೆಗೆ ಪಕ್ಕದವರ ಎತ್ತು ಕೇಳಿ ತಂದೆ, ಅಷ್ಟರಲ್ಲಿ ಹದ ಆರಿತ್ತು. ಆಯೋಗಕ್ಕೆ ಹೋಗಬೇಕಿತ್ತು ಎಂದು ಕೆಲವು ರಾತ್ರಿ ಅನಿಸುತ್ತದೆ. ಆದರೆ ಕಬ್ಬಿನ ಹಂಗಾಮು ಎದುರಿಗಿತ್ತು, ಬ್ಯಾಂಕಿನ ಕಂತೂ ಎದುರಿಗಿತ್ತು. ಗಾಡಿ ಬೇಕಿತ್ತು, ಸಹಿ ಮಾಡಿದೆ. ಈ ಸಲ ಓದಿ ಮಾಡಿದೆ.

ಬದಲಿಸಿ ತೆಗೆದ ಭಾಗ ಕಂಪನಿಯ ಸ್ವತ್ತು ಎಂದು ಪುಸ್ತಕದಲ್ಲಿರುತ್ತದೆ, ಪಿನಿಯನ್ ಕೊಡಲೇಬೇಕಾಯಿತು. ಆದರೆ ತೀರ್ಮಾನ ಆಗುವವರೆಗೆ ಕೊಡಲಿಲ್ಲ. ಸಿಮೆಂಟ್ ಚೀಲದಲ್ಲಿ ಸುತ್ತಿ ದಿನಾ ಸಂಜೆ ಮನೆಗೆ ಹೊತ್ತು ತರುತ್ತಿದ್ದೆ. ಶೋರೂಮಿನವರು ನಕ್ಕರು. ಕೊಡುವಾಗ ಫೋಟೊ ತೆಗೆದು, ತಲುಪಿದ ಬಗ್ಗೆ ಚೀಟಿ ಬರೆಸಿಕೊಂಡೆ.

ಗಾಡಿ ಮನೆಗೆ ಬಂದ ಕೆಲವೇ ದಿನಕ್ಕೆ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರದ ಹೋರಾಟ ಜೋರಾಯಿತು. ಟನ್ನಿಗೆ 3,500 ಎಂದು ಕೂತೆವು, ನವೆಂಬರ್‌ನಲ್ಲಿ 3,300ಕ್ಕೆ ಎದ್ದೆವು. ಅಲ್ಲಿ ಸೇರಿದ ಟ್ರ್ಯಾಕ್ಟರ್‌ಗಳನ್ನು ನೋಡುತ್ತ ನನಗೆ ಒಂದೇ ಯೋಚನೆ: ದರಕ್ಕೆ ಇಷ್ಟು ಜನ ಬರುತ್ತೇವೆ, ಆಕ್ಸಲ್ ಮುರಿದಾಗ ಮಾತ್ರ ಒಬ್ಬೊಬ್ಬರೇ ಶೋರೂಮಿನ ಕಟ್ಟೆಯ ಮೇಲೆ ಕೂರುತ್ತೇವೆ. ನನ್ನ ಗಾಡಿಯ ಜೊತೆಗೇ ಬಂದ ಅದೇ ಮಾಡೆಲ್ಲಿನ ಗಾಡಿಗಳು ನಮ್ಮ ಸುತ್ತಿನ ಊರುಗಳಲ್ಲಿ ಎಷ್ಟಿವೆ? ಎಷ್ಟರಲ್ಲಿ ಅದೇ ಎಡಗಾಲಿ ‘ಬೆವರಿದೆ’? ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರ ಜಾಬ್ ಕಾರ್ಡಿನಲ್ಲೂ ಅದು ಇಲ್ಲ.

ಅದಕ್ಕೇ ಕರೆಯುತ್ತಿದ್ದೇನೆ. ಮುಂದಿನ ರವಿವಾರ ಸಂಜೆ ನಮ್ಮ ಅಂಗಳಕ್ಕೆ ಬನ್ನಿ. ಚಾಸಿ ನಂಬರ್, ಗಂಟೆ, ಏನು ಸೋರಿತು, ಯಾರಿಗೆ ಹೇಳಿದಿರಿ, ಇವಿಷ್ಟನ್ನು ಇನ್ನೂರು ಪುಟದ ಒಂದು ವಹಿಯಲ್ಲಿ ಬರೆದಿಡೋಣ. ಮಿಸ್ತ್ರಿಯವರೂ ಬರುತ್ತೇನೆಂದಿದ್ದಾರೆ. ನನ್ನ ಮೂರು ಪತ್ರಗಳ ನಕಲು ತೆಗೆಸಿಟ್ಟಿದ್ದೇನೆ, ಬೇಕಾದವರು ಒಯ್ಯಿರಿ. ಬರುವಾಗ ಡ್ರೈವರ್‌ನನ್ನೂ ಕರೆತನ್ನಿ, ಲಿವರಿನ ವಿಷಯ ಅವನೂ ಕೇಳಲಿ. ಸರ್ವಿಸ್ ಪುಸ್ತಕ ಮರೆಯಬೇಡಿ. ಗಾಡಿ ಪೂಜೆಯ ದಿನ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟದ್ದು ಅಲ್ಲೇ ಇದ್ದರೆ ಹಾಗೇ ತನ್ನಿ. ನನ್ನದರ ಮೊದಲ ಪುಟದ ಮೇಲೂ ಆ ಕುಂಕುಮ ಇನ್ನೂ ಇದೆ.

ನಿಮ್ಮವ,
ಒಬ್ಬ ಟ್ರ್ಯಾಕ್ಟರ್ ಮಾಲೀಕ
ಅನಂತಪುರ, ತಾ. ಅಥಣಿ